ಪ್ರೊಸೆಸರ್ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆಯೇ?

ಕೇಳುಗರಿಗೆ ನಮಸ್ಕಾರ.

ಒಂದು ಪ್ರೊಸೆಸರ್‌ಗೆ 60 ನಿಮಿಷ ಹಿಡಿಯುವ ಕೆಲಸವನ್ನು 60 ಪ್ರೊಸೆಸರ್‌ಗಳಿಗೆ ಹಂಚಿದರೆ ಒಂದೇ ನಿಮಿಷದಲ್ಲಿ ಮುಗಿಯಬೇಕು, ಅಲ್ವಾ? ಹಾಗೆ ಆಗುವುದು ಬಹಳ ಅಪರೂಪ.

ಯಾಕೆಂದು 1967ರಲ್ಲಿ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್‌ಡಾಲ್ ತೋರಿಸಿಕೊಟ್ಟರು. ಪ್ರತಿ ಕೆಲಸದಲ್ಲೂ ಹಂಚಲಾಗದ ಒಂದು ಪಾಲು ಇರುತ್ತದೆ. ಅದು ನೂರಕ್ಕೆ 5ರಷ್ಟಿದ್ದರೂ ಸಾಕು, ಎಷ್ಟೇ ಪ್ರೊಸೆಸರ್ ಹಾಕಿ, ವೇಗ 20 ಪಟ್ಟು ಮುಟ್ಟುವುದಿಲ್ಲ. ದೊಡ್ಡ ಯಂತ್ರ ಸಿಕ್ಕಾಗ ಜನ ದೊಡ್ಡ ಲೆಕ್ಕವನ್ನೇ ಕೊಡುತ್ತಾರಲ್ಲ ಆಗ ಹಂಚಲಾಗದ ಪಾಲು ಸಣ್ಣದಾಗುತ್ತದೆ ಎಂದು 1988ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಗುಸ್ಟಾಫ್ಸನ್ ವಾದಿಸಿದರು. ಅದೂ ನಿಜವೇ.

ಆದರೆ ಇನ್ನೂ ಒಂದು ಖರ್ಚಿದೆ, ನನಗೆ ಮುಖ್ಯವೆನಿಸುವುದು ಅದೇ. ಪ್ರತಿ ಕೋರ್, ಅಂದರೆ ಚಿಪ್‌ನೊಳಗಿನ ಒಂದೊಂದು ಪ್ರೊಸೆಸರ್, ತನ್ನ ಕ್ಯಾಶ್‌ನಲ್ಲಿ, ಅಂದರೆ ಪಕ್ಕದಲ್ಲೇ ಇರುವ ಸಣ್ಣ ವೇಗದ ಸಂಗ್ರಹದಲ್ಲಿ, ಮೆಮೊರಿಯ ನಕಲು ಇಟ್ಟುಕೊಂಡಿರುತ್ತದೆ, ಸಾಮಾನ್ಯವಾಗಿ 64 ಬೈಟ್‌ನ ಒಂದೊಂದು ತುಂಡಾಗಿ. ಒಂದು ಕೋರ್ ಅಲ್ಲಿ ಏನಾದರೂ ಬರೆದರೆ ಉಳಿದವರ ನಕಲು ರದ್ದು. ಅವರು ಮತ್ತೆ ತರಿಸಿಕೊಳ್ಳಬೇಕು. ಎರಡು ಕೋರ್‌ಗಳು ಬರೆಯುವ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕೌಂಟರ್‌ಗಳು (ಎಣಿಕೆ ಇಡುವ ಜಾಗಗಳು) ಅದೇ 64 ಬೈಟ್‌ನಲ್ಲಿ ಕೂತಿದ್ದರೂ ಇದೇ ಗತಿ. ಸುಮ್ನೆ ಎಳೆದಾಟ! 4 ಕೋರ್ ಇದ್ದಾಗ ಹೀಗೆ ಎಳೆದಾಡಬಹುದಾದ ಕೋರ್ ಜೋಡಿಗಳು 6. 64 ಇದ್ದಾಗ 2016.

ಕಂಪ್ಯೂಟರ್ ವೇಗದ ಅಧ್ಯಯನ ಮಾಡುವ ನೀಲ್ ಗುಂಥರ್ ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿದರು. ಅವರ ಸೂತ್ರದಲ್ಲಿ ಎರಡು ಅಂಕಿಗಳಿವೆ: ಸರತಿಯಲ್ಲಿ ಕಾಯುವುದಕ್ಕೆ ಒಂದು, ಪರಸ್ಪರ ಹೊಂದಿಸಿಕೊಳ್ಳುವುದಕ್ಕೆ ಒಂದು. ಮೊದಲನೆಯದು ನೂರಕ್ಕೆ 5, ಎರಡನೆಯದು ಸಾವಿರಕ್ಕೆ 1 ಅಂತ ಇಟ್ಟುಕೊಳ್ಳಿ. 16 ಪ್ರೊಸೆಸರ್‌ಗೆ ವೇಗ ಸುಮಾರು 8 ಪಟ್ಟು. 31ಕ್ಕೆ 9 ಪಟ್ಟು, ಅದೇ ತುದಿ. 64ಕ್ಕೆ ಹೋದರೆ 8ಕ್ಕಿಂತ ಕೆಳಗೆ! ಹಣ ಜಾಸ್ತಿ ಸುರಿದು ವೇಗ ಕಳೆದುಕೊಂಡಂತೆ. ಆಮ್‌ಡಾಲ್ ಲೆಕ್ಕದಲ್ಲಿ ಏರಿಕೆ ನಿಧಾನವಾಗುತ್ತದೆ, ಅಷ್ಟೇ. ಈ ಇಳಿತ ಅಲ್ಲಿ ಕಾಣುವುದೇ ಇಲ್ಲ.

ಆದ್ದರಿಂದ ಹೊಸ ಯಂತ್ರ ಕೊಳ್ಳುವ ಮೊದಲು ಅಳೆಯಿರಿ. 1, 2, 4, 8, 16 ಕೋರ್‌ಗಳಲ್ಲಿ ಒಂದೇ ಕೆಲಸ ಓಡಿಸಿ, ಸಿಕ್ಕ ವೇಗಗಳನ್ನು ಗುಂಥರ್ ಸೂತ್ರಕ್ಕೆ ಹೊಂದಿಸಿ, ಆ ಎರಡು ಅಂಕಿಗಳನ್ನು ಹೊರತೆಗೆಯಿರಿ. ಮೊದಲನೆಯದು ದೊಡ್ಡದಿದ್ದರೆ ಎಲ್ಲರೂ ಕಾಯುತ್ತಿರುವ ಲಾಕ್ (ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಯಾವುದೆಂದು ಹುಡುಕಿ, ಅದನ್ನು ಸಣ್ಣ ಲಾಕ್‌ಗಳಾಗಿ ಒಡೆಯಿರಿ. ಎರಡನೆಯದು ದೊಡ್ಡದಿದ್ದರೆ ಎಲ್ಲರೂ ಬರೆಯುವ ಜಾಗಗಳನ್ನು ಕಡಿಮೆ ಮಾಡಿ, ಪ್ರತಿ ಕೋರ್‌ಗೂ ಅದರದ್ದೇ ಕೌಂಟರ್ ಕೊಡಿ.

ಒಂದು ಎಚ್ಚರಿಕೆ. ಒಂದೇ ಚಿಪ್‌ನಲ್ಲಿ ಅಳೆದ ಅಂಕಿ ಎರಡನೇ ಚಿಪ್‌ಗೆ ದಾಟಿದಾಗ ಹಾಗೇ ನಿಲ್ಲುವುದಿಲ್ಲ. ಅಲ್ಲಿನ ಮೆಮೊರಿ ದೂರ. ಆ ಗಡಿ ದಾಟಿದ ಮೇಲೂ ಒಂದೆರಡು ಕಡೆ ಅಳೆದು, ಆಮೇಲೆ ಮುಂದಿನ ವೇಗ ಅಂದಾಜಿಸುವ ಗೆರೆ ಎಳೆಯಿರಿ.

ನಮಸ್ಕಾರ.