ಟೊಮೇಟೊ ಕಿತ್ತ ಹೊಲಕ್ಕೆ ಹೈಬ್ರಿಡ್ ಬೆಂಡೆ

ರೈತ ಬಾಂಧವರಿಗೆ ನಮಸ್ಕಾರ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮೇಟೊ ಮುಗಿದ ಮೇಲೂ ಮಲ್ಚಿಂಗ್ ಶೀಟು, ಡ್ರಿಪ್ ಪೈಪು ಹೊಲದಲ್ಲೇ ಇರುತ್ತವೆ. ಅದೇ ತೂತಿಗೆ ಬೆಂಡೆ ಬೀಜ ಊರಿದರೆ ಉಳುಮೆ ಖರ್ಚು ಉಳಿಯಿತಲ್ಲ ಅನ್ನಿಸುವುದು ಸಹಜ. ಊರುವ ಮುಂಚೆ ಹೊಲದ ಹತ್ತು ಕಡೆ ಟೊಮೇಟೊ ಬುಡವನ್ನು ಗುದ್ದಲಿಯಿಂದ ಮೆಲ್ಲಗೆ ಎತ್ತಿ, ಬೇರು ತೊಳೆದು ನೋಡಿ. ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಆ ಮಣ್ಣಿನಲ್ಲಿ ಬೇರಿಗೆ ಗಂಟು ಕಟ್ಟಿಸುವ ಸಣ್ಣ ಜಂತುಹುಳು (ನೆಮಟೋಡ್) ಇದೆ ಎಂದು ಅರ್ಥ. ಬೆಂಡೆ ಬೇರೂ ಅದಕ್ಕೆ ಒಳ್ಳೆಯ ಊಟವೇ.

ಪ್ಯಾಕೆಟ್ಟಿನ ಮೇಲೆ ರೋಗ ತಡೆಯುವ ತಳಿ ಎಂದು ಬರೆದಿರುತ್ತದಲ್ಲ, ಅದು ಸಾಮಾನ್ಯವಾಗಿ ಎಲೆಯ ಹಳದಿ ನಂಜಿನ ಮಾತು, ಬೇರಿನ ಗಂಟಿನದಲ್ಲ. ಗಂಟು ಬಿದ್ದ ಗಿಡ ಮಧ್ಯಾಹ್ನದ ಬಿಸಿಲಿಗೆ ಜೋಲು ಬೀಳುತ್ತದೆ. ನೀರು ಸಾಲದೆಂದು ಬೋರ್‌ವೆಲ್ ಇನ್ನೊಂದು ಗಂಟೆ ಓಡಿಸುತ್ತೇವೆ. ಬೇರೇ ಕೆಟ್ಟಿರುವಾಗ ನೀರೇನು ಮಾಡೀತು? ಅಂಥ ಹೊಲಕ್ಕೆ ಮೊದಲು ಒಂದು ಬೆಳೆ ಚೆಂಡುಹೂ ಹಾಕಿ, ಬೆಂಡೆ ಆಮೇಲಾಗಲಿ. ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ 100 ಕೆಜಿ ಬೇವಿನ ಹಿಂಡಿಯನ್ನೂ ಕೊಡಿ.

ಬೀಜದ ಲೆಕ್ಕ ಹೀಗೆ. ಸಾಲಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟರೆ ಎಕರೆಗೆ ಸುಮಾರು 22,500 ಗುಣಿ. ಗುಣಿಗೆ ಒಂದೇ ಬೀಜದಂತೆ ಒಂದೂವರೆ ಕೆಜಿ ಸಾಕು, ಹುಟ್ಟದ ಕಡೆ ತುಂಬಲು ಕಾಲು ಕೆಜಿ ಕೈಯಲ್ಲಿರಲಿ. ಬಣ್ಣದ ಔಷಧಿ ಲೇಪಿಸಿದ ಬೀಜವನ್ನು ನೆನೆಹಾಕಬೇಡಿ, ಲೇಪನ ತೊಳೆದು ಹೋಗುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಊರಿದರೆ ಬೀಜ ಮೊಳೆಯದೆ ಮಣ್ಣಿನಲ್ಲೇ ಕೊಳೆಯುತ್ತದೆ. ಫೆಬ್ರವರಿ, ಇಲ್ಲವೇ ಜೂನ್, ಜುಲೈ ಆದೀತು. ಹೈಬ್ರಿಡ್ ಗಿಡದ ಬೀಜವನ್ನು ಮುಂದಿನ ಬೆಳೆಗೆ ಎತ್ತಿಡಬಾರದು, ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಸ್ವಂತ ಬೀಜ ಬೇಕೆನ್ನುವವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಇದೆ. ಅದು ಹೈಬ್ರಿಡ್ ಅಲ್ಲ.

ಗೊಬ್ಬರದಲ್ಲಿ ಯೂರಿಯಾ ಒಂದರ ಮೇಲೆ ಕೈ ಬಿಗಿಯಾಗಿರಲಿ. ಹೆಚ್ಚಾದರೆ ಎಲೆ ಕಡುಹಸಿರಾಗಿ ಮೆತ್ತಗಾಗುತ್ತದೆ, ನೋಡಲು ಚೆಂದ, ಜಿಗಿಹುಳು, ಬಿಳಿನೊಣಕ್ಕೂ ಅದೇ ಚೆಂದ.

ಬಿಳಿನೊಣವೇ ಹಳದಿ ನಂಜನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು. ಮೊದಲು ಎಲೆಯ ನರ ಮಾತ್ರ ಹಳದಿ, ಆಮೇಲೆ ಎಲೆಯೆಲ್ಲ, ಕೊನೆಗೆ ಕಾಯಿಯೂ ಬಿಳಿಚಿಕೊಂಡು ಗಿಡ್ಡ. ಬಂದ ಮೇಲೆ ಯಾವ ಔಷಧಿಯೂ ಗುಣ ಮಾಡುವುದಿಲ್ಲ. ಮೊದಲ ತಿಂಗಳು ತಗುಲಿದ ಗಿಡದಿಂದ ಕಾಯಿ ಆಸೆ ಬಿಟ್ಟುಬಿಡಿ, ಕಂಡ ದಿನವೇ ಕಿತ್ತು ಹೊಲದಾಚೆ ಹೂತುಹಾಕಿ. ಹೊರಗಿನ ನೊಣಕ್ಕೆ ಅಡ್ಡಗೋಡೆಯಾಗಲು, ಬೀಜ ಊರುವ ಎರಡು ವಾರ ಮೊದಲೇ ಸುತ್ತ ಎರಡು ಸಾಲು ಮುಸುಕಿನ ಜೋಳ ಹಾಕಿ. ಗಿಡದ ತಲೆ ಎತ್ತರಕ್ಕೆ ಎಕರೆಗೆ ಹತ್ತಾರು ಹಳದಿ ಅಂಟುಹಾಳೆ ಕಟ್ಟಿ, ಗಿಡ ಬೆಳೆದಂತೆ ಮೇಲೇರಿಸಿ. ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊಡೆಯಿರಿ. ನೊಣ ಕೂರುವುದು ಎಲೆಯ ಅಡಿಗೆ, ನಾಜಲ್ ಕೆಳಗಿಂದ ಮೇಲಕ್ಕಿರಲಿ.

ಸುಮಾರು 45 ದಿನಕ್ಕೆ ಕೊಯ್ಲು ಶುರು. ಹೂ ಅರಳಿದ ಐದಾರು ದಿನಕ್ಕೆ ಕಾಯಿ ಎಳೆಯದಾಗಿ ಸಿದ್ಧ. ತುದಿ ಪಟ್ಟೆಂದು ಮುರಿದರೆ ಸರಿ, ಬಾಗಿದರೆ ನಾರು ಕಟ್ಟಿದೆ. ದಿನ ಬಿಟ್ಟು ದಿನ ಬೆಳಿಗ್ಗೆಯೇ ಕೊಯ್ಯಿರಿ, ಕೈಗೆ ಬಟ್ಟೆಯ ಚೀಲ ಹಾಕಿಕೊಳ್ಳಿ, ಇಲ್ಲವಾದರೆ ಕಾಯಿಯ ಮೇಲಿನ ಸುಂಕಿಗೆ ಇಡೀ ದಿನ ತುರಿಕೆ. ಬಲಿತ ಕಾಯಿಗೆ ಮಂಡಿಯಲ್ಲಿ ಬೆಲೆ ಇಲ್ಲ ಎಂದು ಗಿಡದಲ್ಲೇ ಬಿಡಬೇಡಿ. ಅದೂ ಕಿತ್ತು ಬಿಸಾಡಿ, ಬೀಜ ಬಲಿಯಲು ಬಿಟ್ಟ ಗಿಡ ಹೊಸ ಹೂ ಕಡಿಮೆ ಮಾಡುತ್ತದೆ.