ಸಾಸಿವೆ ಹೆದರುತ್ತಿದ್ದದ್ದು ಕಾರಿಗಲ್ಲ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳ ಕೂಟದಲ್ಲಿ ತೆರಿಗೆ ಬಗ್ಗೆ ಮಾತಾಯಿತು. ಅದರ ಹಿಂದಿನ ತಿಂಗಳು ಕುಮಾರವ್ಯಾಸ. ಈ ಸಲ ನಾಯಿ. ಇದನ್ನು ಏರಿಕೆ ಅನ್ನಬೇಕೋ ಇಳಿಕೆ ಅನ್ನಬೇಕೋ ನಿಮಗೇ ಬಿಟ್ಟಿದ್ದೇನೆ.

ನಮ್ಮ ಮ್ಯಾಂಚೆಸ್ಟರ್ ಗುಂಪಿನಲ್ಲೇ ಈಗ ನಾಲ್ಕು ಮನೆಯಲ್ಲಿ ಗ್ರೇಹೌಂಡ್ ಅನ್ನುವ ಓಟದ ನಾಯಿಗಳಿವೆ. ನಾಲ್ಕೂ ರೇಸು ಬಿಟ್ಟು ಬಂದವು. ಅದರಲ್ಲಿ ಎರಡು ಕಾರು ಅಂದರೆ ಸಾಕು, ನಿಂತಲ್ಲೇ ಕಲ್ಲಾಗುತ್ತವೆ. ಅದಕ್ಕೇ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಾನು ಪಶುವೈದ್ಯೆ ಅಲ್ಲ, ತರಬೇತಿ ಕೊಡುವವಳೂ ಅಲ್ಲ. ಒಂದು ನಾಯಿಯ ಹತ್ತಿರ ಎಂಟು ತಿಂಗಳು ಪಾಠ ಹೇಳಿಸಿಕೊಂಡವಳು, ಅಷ್ಟೇ.

ನಮ್ಮವಳ ಹೆಸರು ಸಾಸಿವೆ. ಕಪ್ಪು ಬಣ್ಣ, 27 ಕಿಲೋ, ಎರಡೂ ಕಿವಿಯ ಒಳಗೆ ಹಸಿರು ಹಚ್ಚೆ. ಎರಡೂ ಕಿವಿಯಲ್ಲಿ ಹಚ್ಚೆ ಇದ್ದರೆ ಐರ್ಲೆಂಡಿನಲ್ಲಿ ಹುಟ್ಟಿದ ನಾಯಿ ಅಂತ ಲೆಕ್ಕ. ಇಲ್ಲಿ ಓಡುವ ನಾಯಿಗಳಲ್ಲಿ ಜಾಸ್ತಿ ಅಲ್ಲಿಂದಲೇ ಹಡಗು ಹತ್ತಿ ಬಂದವು. ಅಂದರೆ ಇವಳು ನನಗಿಂತ ಜಾಸ್ತಿ ಪ್ರಯಾಣ ಮಾಡಿದವಳು. ನಾಯಿಗಳನ್ನು ಇಡುವ ಕೆನಲ್‌ನಿಂದ ವ್ಯಾನು, ವ್ಯಾನಿನಿಂದ ಟ್ರ್ಯಾಕು, ಟ್ರ್ಯಾಕಿನಿಂದ ಮತ್ತೆ ವ್ಯಾನು. ಹಾಗಿದ್ದವಳಿಗೆ ಕಾರಿನ ಭಯ ಯಾಕೆ?

ಮೊದಲ ದಿನದ ಕತೆ ಕೇಳಿ. ದತ್ತು ಕೊಡುವ ಕೆನಲ್‌ನಿಂದ ನಮ್ಮ ಮನೆಗೆ ನಲವತ್ತು ನಿಮಿಷ, ಒಂಬತ್ತು ರೌಂಡಬೌಟು, ಅಂದರೆ ಸುತ್ತಿಕೊಂಡು ಹೋಗುವ ಸರ್ಕಲ್ಲು. ಹಿಂದಿನ ಸೀಟಿನ ಮೇಲೆ ಒಂದು ಹಳೇ ಜಮಖಾನ ಹಾಸಿದ್ದೆವು. ಅವಳು ಕೂರಲಿಲ್ಲ, ಮಲಗಲಿಲ್ಲ. ನಾಲ್ಕು ಕಾಲನ್ನೂ ಅಗಲಿಸಿಕೊಂಡು ನಿಂತೇ ಬಂದಳು. ಉಗುರು ಸೀಟನ್ನು ಕೆರೆಯುವ ಸದ್ದು ನನಗೆ ಮುಂದೆ ಕೇಳಿಸುತ್ತಿತ್ತು. ಮೂರನೇ ರೌಂಡಬೌಟಿಗೆ ಜೊಲ್ಲು ಶುರುವಾಯಿತು. ತುಟಿಯಿಂದ ಸೀಟಿನವರೆಗೆ ದಾರದ ಹಾಗೆ ನೇತಾಡುತ್ತಿತ್ತು. ಐದರಲ್ಲಿ ವಾಂತಿ. ಏಳರಲ್ಲಿ ಜಮಖಾನದ ಸಮೇತ ಜಾರಿ ಕಾಲಿಡುವ ಜಾಗಕ್ಕೆ ಬಿದ್ದಳು. ಮನೆ ಮುಂದೆ ಬಾಗಿಲು ತೆಗೆದರೆ ಇಳಿಯಲೂ ಇಲ್ಲ. ನಮ್ಮ ಯಜಮಾನರು ಎತ್ತಿಕೊಂಡು ಒಳಗೆ ಹೋದರು, ಹೊಸ ಮದುವಣಗಿತ್ತಿಯನ್ನು ಸಿನಿಮಾದಲ್ಲಿ ಎತ್ತಿಕೊಂಡು ಹೋಗುತ್ತಾರಲ್ಲ, ಹಾಗೆ. ನನ್ನನ್ನು ಹಾಗೆ ಎತ್ತಿದ್ದು ನೆನಪಿಲ್ಲ.

ಮಾರನೇ ದಿನದಿಂದ ಕಾರು ಹತ್ತು ಅಡಿ ದೂರದಲ್ಲಿದ್ದರೂ ಸಾಸಿವೆ ಶಿಲಾಬಾಲಿಕೆ. ಬಾಲ ಕಾಲಿನ ಸಂದಿಗೆ, ಕಿವಿ ಹಿಂದಕ್ಕೆ, ಕಣ್ಣಿನ ಬಿಳಿ ಕಾಣುವಷ್ಟು ಓರೆನೋಟ. ಬೆಲ್ಟ್ ಎಳೆದರೆ ಇನ್ನೂ ಗಟ್ಟಿ.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು. "ಪಾಪ, ಹಿಂದೆ ಯಾರೋ ಹೊಡೆದಿರಬೇಕು." ನಾನೂ ನಂಬಿದೆ. ಈ ನಂಬಿಕೆಯಲ್ಲಿ ಒಂದು ಸುಖ ಇದೆ, ಸುಳ್ಳು ಯಾಕೆ ಹೇಳಲಿ. ತಪ್ಪೆಲ್ಲ ಯಾರೋ ಕಾಣದ ಮನುಷ್ಯನ ಮೇಲೆ ಹೋಗುತ್ತದೆ, ನಾವು ಕಾಪಾಡಿದ ದೇವರಾಗುತ್ತೇವೆ. ಆದರೆ ಆ ಕತೆಯಿಂದ ನಾಯಿಗೆ ಮೂರು ಕಾಸಿನ ಉಪಯೋಗ ಆಗಲಿಲ್ಲ.

ಉಪಯೋಗ ಆದದ್ದು ಒಂದು ವಿಡಿಯೋದಿಂದ. ಲಸಿಕೆಗೆ ಹೋಗಲೇಬೇಕಿತ್ತು. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ನಾನು ಹಿಂದೆ ಕೂತು ಫೋನಿನಲ್ಲಿ ಸುಮ್ನೆ ವಿಡಿಯೋ ಮಾಡಿದೆ. ರಾತ್ರಿ ಅದನ್ನು ಮೂರು ಸಲ ನೋಡಿದೆ. ಎಂಜಿನ್ ಶುರುವಾದಾಗ ಅವಳಿಗೆ ಏನೂ ಅನ್ನಿಸಿಲ್ಲ. ನೇರ ರಸ್ತೆಯಲ್ಲಿ ಉಸಿರು ಜೋರು, ಆದರೂ ಸುಮಾರಾಗಿದ್ದಾಳೆ. ಕಾರು ಎಡಕ್ಕೆ ತಿರುಗಿತು ನೋಡಿ, ಹಿಂದಿನ ಬಲಗಾಲು ಕುಸಿಯಿತು, ಮುಖದಲ್ಲಿ ಗಾಬರಿ ಬಂತು. ಬಲಕ್ಕೆ ತಿರುಗಿದರೆ ತಡೆದುಕೊಳ್ಳುತ್ತಾಳೆ. ಎಡಕ್ಕೆ ತಿರುಗಿದರೆ ಆಗಲ್ಲ.

ಇಲ್ಲಿ ಸ್ವಲ್ಪ ರೇಸಿನ ವಿಷಯ ಹೇಳಬೇಕು. ಬ್ರಿಟನ್ನಿನಲ್ಲಿ ಯಂತ್ರದ ಮೊಲದ ಹಿಂದೆ ನಾಯಿಗಳು ದುಂಡು ಟ್ರ್ಯಾಕಿನಲ್ಲಿ ಮೊದಲು ಓಡಿದ್ದು ಇದೇ ಊರಿನ ಬೆಲ್ ವ್ಯೂನಲ್ಲಿ, 1926ರ ಜುಲೈನಲ್ಲಿ. 2020ರಲ್ಲಿ ಅಲ್ಲಿ ರೇಸು ನಿಂತಿತು. ಎಲ್ಲ ಟ್ರ್ಯಾಕಿನಲ್ಲೂ ನಾಯಿಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಓಡುತ್ತವೆ. ಅಂದರೆ ಸದಾ ಎಡ ತಿರುವು. ಗಂಟೆಗೆ 60 ಕಿಲೋಮೀಟರ್ ದಾಟಿದ ವೇಗದಲ್ಲಿ ತಿರುವು ತೆಗೆದುಕೊಂಡಾಗ ಹೊರಗಿನ ಕಾಲಿಗೆ, ಅಂದರೆ ಬಲಗಾಲಿಗೆ ಏಟು. ಹಿಂದಿನ ಬಲಗಾಲಿನ ಹಿಮ್ಮಡಿ ಕೀಲು ಮುರಿಯುವುದು ಈ ನಾಯಿಗಳಲ್ಲಿ ಮಾಮೂಲಿ ಗಾಯ. ಸಾಸಿವೆಯ ರೇಸು ನಿಂತದ್ದೂ ಅದರಿಂದಲೇ. ಮೂಳೆ ಕೂಡಿದೆ, ನಡೆಯುವಾಗ ಕುಂಟಲ್ಲ. ಡಾಕ್ಟರು ಕೀಲನ್ನು ಮಡಿಸಿ ನೋಡಿದಾಗ ಮಾತ್ರ ಕಾಲು ಎಳೆದುಕೊಂಡಳು.

ಇನ್ನು ನಮ್ಮ ರೌಂಡಬೌಟು. ಎಡಕ್ಕೆ ವಾಲಿ ಒಳಗೆ ಹೋಗು, ಬಲಕ್ಕೆ ಸುತ್ತು, ಮತ್ತೆ ಎಡಕ್ಕೆ ವಾಲಿ ಹೊರಗೆ ಬಾ. ಎಡಕ್ಕೆ ತಿರುಗಿದಾಗಲೆಲ್ಲ ಮೈಭಾರ ಬಲಗಾಲಿನ ಮೇಲೆ. ಒಂಬತ್ತು ರೌಂಡಬೌಟಿಗೆ ಹದಿನೆಂಟು ಸಲ. ಬೇರೆ ನಾಯಿಯಾದರೆ ಕೂತುಬಿಡುತ್ತದೆ. ಗ್ರೇಹೌಂಡಿಗೆ ಕೂರುವುದೇ ಕಷ್ಟ, ತೊಡೆಯಲ್ಲಿ ಅಷ್ಟು ಮಾಂಸ. ಒಂದೋ ನಿಲ್ಲಬೇಕು, ಇಲ್ಲ ಮಲಗಬೇಕು. ರೇಸಿನ ವ್ಯಾನಿನಲ್ಲಿ ಡಬ್ಬಿಯಂಥ ಗೂಡು ಇರುತ್ತದೆ, ವಾಲಿದರೆ ಗೋಡೆ ಹಿಡಿದುಕೊಳ್ಳುತ್ತದೆ. ನಮ್ಮ ಕಾರಿನ ಸೀಟಿನಲ್ಲಿ ಹಿಡಿದುಕೊಳ್ಳಲು ಏನಿತ್ತು? ಜಾರುವ ಜಮಖಾನ.

ಸಾಸಿವೆ ಕಾರಿಗೆ ಹೆದರುತ್ತಿರಲಿಲ್ಲ. ಬೀಳುವುದಕ್ಕೆ ಹೆದರುತ್ತಿದ್ದಳು. ಜೊತೆಗೆ ಹೊಟ್ಟೆ ತೊಳಸುತ್ತಿತ್ತು. ಇದು ಗೊತ್ತಾದ ದಿನ ನನಗೆ ನಾಚಿಕೆಯಾಯಿತು. ಒಂದೂವರೆ ತಿಂಗಳು ಅವಳ ಮನಸ್ಸಿಗೆ ಸಮಾಧಾನ ಹೇಳುತ್ತಿದ್ದೆ, ಕಾಲು ನೋಡಿರಲಿಲ್ಲ.

ಹಾಗಾಗಿ ಮೊದಲ ಕೆಲಸ ಡಾಕ್ಟರ ಹತ್ತಿರ. ಕೀಲಿನ ನೋವಿಗೆ ಔಷಧಿ ಕೊಟ್ಟರು. ಪ್ರಯಾಣದ ವಾಂತಿಗೆ ಮರೊಪಿಟೆಂಟ್ ಅನ್ನುವ ಮಾತ್ರೆ ಕೊಟ್ಟರು. ಪಕ್ಕದ ಮನೆಯ ಲ್ಯಾಬ್ರಡಾರಿಗೆ ಕೊಟ್ಟಿದ್ದು ಮಿಕ್ಕಿದೆ ಅಂತ ನೀವೇ ಕೊಡಬೇಡಿ. ಗ್ರೇಹೌಂಡಿನ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಮದ್ದನ್ನು ಅದರ ಲಿವರ್ ನಿಧಾನವಾಗಿ ಕರಗಿಸುತ್ತದೆ. ಅರಿವಳಿಕೆಗೆ ಬಳಸುತ್ತಿದ್ದ ಥಯೋಪೆಂಟಾಲ್ ಕೊಟ್ಟರೆ ಈ ಜಾತಿ ಏಳುವುದೇ ತಡವಾಗುತ್ತಿತ್ತು. ಸುಮ್ಮನೆ ಮಂಪರು ಬರಿಸುವ ಮಾತ್ರೆ ಕೇಳುವವರೂ ಇದ್ದಾರೆ. ಅಂಥವುಗಳಲ್ಲಿ ಕೆಲವು ಮೈಯನ್ನು ಮಾತ್ರ ಕಟ್ಟಿಹಾಕುತ್ತವೆ, ಒಳಗೆ ಭಯ ಹಾಗೇ ಇರುತ್ತದೆ. ನಾಯಿ ಗಲಾಟೆ ಮಾಡಲ್ಲ, ನಮಗೆ ನೆಮ್ಮದಿ. ನಾಯಿಗಲ್ಲ.

ಎರಡನೇ ಕೆಲಸ ನೆಲ. ಹಿಂದಿನ ಸೀಟು ಮಡಿಸಿ ಡಿಕ್ಕಿಯವರೆಗೆ ಒಂದೇ ಸಮ ಮಾಡಿದೆವು. ಮೇಲೆ ನಮ್ಮ ಯಜಮಾನರ ಯೋಗದ ಚಾಪೆ. ವರ್ಷಗಟ್ಟಲೆ ಮಡಿಸಿಟ್ಟಿದ್ದ ಚಾಪೆಗೆ ಕೊನೆಗೂ ಕೆಲಸ ಸಿಕ್ಕಿತು. ಅದರ ಮೇಲೆ ದಪ್ಪ ಹಾಸಿಗೆ. ಎರಡೂ ಪಕ್ಕಕ್ಕೆ ಹಳೇ ರಜಾಯಿ ಸುರುಳಿ ಸುತ್ತಿ ಒತ್ತಿಟ್ಟೆವು, ವ್ಯಾನಿನ ಗೂಡಿನ ಗೋಡೆ ಇದ್ದ ಹಾಗೆ. ಎದೆಗೆ ಹಾಕುವ ಪಟ್ಟಿ ತಂದು ಅದನ್ನು ಕಾರಿಗೆ ಬಿಗಿದೆವು. ಕತ್ತಿನ ಬೆಲ್ಟಿಗೆ ಮಾತ್ರ ಕಟ್ಟಬೇಡಿ, ಗಟ್ಟಿ ಬ್ರೇಕ್ ಹಾಕಿದರೆ ಆ ಉದ್ದ ಕತ್ತಿನ ಗತಿ ಏನು? ಕಾರಿನಲ್ಲಿ ನಾಯಿಯನ್ನು ಭದ್ರವಾಗಿ ಕಟ್ಟಿರಬೇಕು ಅಂತ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡಿನ 57ನೇ ನಿಯಮವೇ ಹೇಳುತ್ತದೆ.

ಆಮೇಲೆ ಕೋಳಿ. ಇದರಲ್ಲಿ ನಾನು ದೊಡ್ಡ ತಪ್ಪು ಮಾಡಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಯಿಸಿದ ಕೋಳಿ ತುಂಡು ಕೈಯಲ್ಲಿ ಹಿಡಿದು, "ಬಾ ಸಾಸಿವೆ, ಬಾ ಪುಟ್ಟಿ" ಅಂತ ಕಾರಿನವರೆಗೆ ಕರೆಯುತ್ತಿದ್ದೆ. ಎರಡು ದಿನ ಬಂದಳು. ಮೂರನೇ ದಿನ ಅಡುಗೆಮನೆಯಲ್ಲೇ ಕೋಳಿ ಮೂಸಿ ಹಿಂದೆ ಹೋದಳು.

ಚಿಕ್ಕವಳಿದ್ದಾಗ ನಮ್ಮಜ್ಜಿ ಹರಳೆಣ್ಣೆ ಕುಡಿಸುತ್ತಿದ್ದರು. ಅದಕ್ಕೆ ಮುಂಚೆ ಬೆಲ್ಲದ ಉಂಡೆ ತೋರಿಸಿ ಹತ್ತಿರ ಕರೆಯುತ್ತಿದ್ದರು. ಆಗಿದ್ದೇನು? ನಮಗೆ ಹರಳೆಣ್ಣೆ ಮೇಲೆ ಪ್ರೀತಿ ಬರಲಿಲ್ಲ. ಅಜ್ಜಿಯ ಕೈಯಲ್ಲಿ ಬೆಲ್ಲ ಕಂಡರೆ ಹಿತ್ತಲಿಗೆ ಓಡುತ್ತಿದ್ದೆವು. ಸಾಸಿವೆಗೂ ಅದೇ ಆಯಿತು. ಕೋಳಿ ಬಂತು ಅಂದರೆ ಕಾರು ಬಂತು ಅಂತ ಅರ್ಥ.

ಕ್ರಮ ತಿರುಗಿಸಬೇಕು. ಮೊದಲು ಕಾರು ಕಾಣಲಿ, ಆಮೇಲೆ ಕೋಳಿ ಬರಲಿ. ಕಾರು ಮರೆಯಾಯಿತೋ, ಕೋಳಿಯೂ ನಿಂತಿತು. ಇದೇನು ಹೊಸ ಸಂಗತಿ ಅಲ್ಲ. ಮೇರಿ ಕವರ್ ಜೋನ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1924ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಪೀಟರ್ ಅನ್ನುವ ಪುಟ್ಟ ಹುಡುಗನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನ ದಿನಕ್ಕೂ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ಮೊಲಕ್ಕೆ ಹೆದರುವವರೂ ಇದ್ದಾರೆ ಅಂದರೆ ನಮ್ಮ ಗ್ರೇಹೌಂಡುಗಳು ನಂಬಲಿಕ್ಕಿಲ್ಲ.

ನಾವು ಹದಿನೈದು ಅಡಿಯಿಂದ ಶುರು ಮಾಡಿದೆವು. ಕಾರಿನ ಕಡೆ ನೋಡಿದಳಾ? ಒಂದು ತುಂಡು. ಮತ್ತೆ ನೋಡಿದಳಾ? ಇನ್ನೊಂದು. ಮೂರು ನಿಮಿಷಕ್ಕೆ ಆಟ ಮುಗೀತು, ಒಳಗೆ ನಡಿ. ಮರುದಿನ ಹನ್ನೆರಡು ಅಡಿ. ಆಮೇಲೆ ಕಾರಿನ ಎರಡೂ ಹಿಂಬಾಗಿಲು ತೆಗೆದಿಟ್ಟೆವು. ಒಂದೇ ಬಾಗಿಲು ತೆಗೆದರೆ ಅದು ಗುಹೆ, ಎರಡೂ ತೆಗೆದರೆ ಓಣಿ. ಆ ಕಡೆಯಿಂದ ಬೆಳಕು ಕಾಣುತ್ತದೆ, ಬೇಡ ಅನ್ನಿಸಿದರೆ ಇಳಿದು ಹೋಗಬಹುದು. ಮುಂಗಾಲು ಎರಡು ಇಟ್ಟಳು, ತೆಗೆದಳು. ಇಟ್ಟಳು, ತೆಗೆದಳು. ಇಷ್ಟಕ್ಕೇ ಐದು ದಿನ. ಈ ನಾಯಿಗಳಿಗೆ ಕಾರಿಗೆ ಹಾರುವುದೂ ಹೊಸದು, ರೇಸಿನವರು ಎತ್ತಿಯೇ ಹಾಕುತ್ತಾರೆ. ನಾವು ಒಂದು ಅಗಲವಾದ ಗಟ್ಟಿ ಮೆಟ್ಟಿಲು ತಂದಿಟ್ಟೆವು.

ಮೂರೂವರೆ ವಾರ ಕಾರು ಜಾಗ ಬಿಟ್ಟು ಕದಲಲಿಲ್ಲ. ನಾನು ಡಿಕ್ಕಿಯಲ್ಲಿ ಕಾಲು ಚಾಚಿ ಕೂತು ಪುಸ್ತಕ ಓದುತ್ತಿದ್ದೆ, ಪಕ್ಕದಲ್ಲಿ ನಾಯಿ ಮೊಸರು ಸವರಿದ ರಬ್ಬರ್ ಚಾಪೆ ನೆಕ್ಕುತ್ತಿತ್ತು. ಎದುರು ಮನೆಯ ಮುದುಕರು ಒಂದು ದಿನ ಬಂದು, "ಮನೆಯಲ್ಲಿ ಏನಾದರೂ ತೊಂದರೆಯಾ?" ಅಂತ ಮೆಲ್ಲಗೆ ಕೇಳಿದರು. ಗಂಡ ಹೆಂಡತಿ ಜಗಳ ಅಂದುಕೊಂಡಿದ್ದರು ಪಾಪ.

ಆಮೇಲೆ ಎಂಜಿನ್ ಹತ್ತು ಸೆಕೆಂಡು. ಆಮೇಲೆ ಕಾರಿನುದ್ದದಷ್ಟು ಹಿಂದೆ, ಕಾರಿನುದ್ದದಷ್ಟು ಮುಂದೆ. ಆಮೇಲೆ ಬೀದಿಯ ತುದಿ. ಎಲ್ಲಿ ಅವಸರ ಆಯಿತು ಅಂತ ಬಾಯಿಯೇ ಹೇಳುತ್ತದೆ. ಹಸಿದ ನಾಯಿ ಕೋಳಿ ತುಂಡನ್ನು ತುಟಿಯಲ್ಲಿ ಹಿಡಿದು ಬಿಟ್ಟುಬಿಟ್ಟರೆ, ನಿದ್ದೆ ಬಂದಿಲ್ಲದಿದ್ದರೂ ಆಕಳಿಸಿ ಆಕಳಿಸಿ ತುಟಿ ನೆಕ್ಕಿಕೊಂಡರೆ, ನೀವು ಒಂದು ಮೆಟ್ಟಿಲು ಜಾಸ್ತಿ ಹತ್ತಿದ್ದೀರಿ ಅಂತ. ಇಳಿಯಿರಿ.

ನಾನು ಇಳಿಯಲಿಲ್ಲ. ಆರನೇ ವಾರ ಊರಿಂದ ತಂಗಿ ಬಂದಿದ್ದಳು. ಲೇಕ್ ಡಿಸ್ಟ್ರಿಕ್ಟ್ ತೋರಿಸಬೇಕು, ನಾಯಿ ಹೇಗೂ ಸುಧಾರಿಸಿದೆ, ಹೋಗೋಣ ಅಂದೆ. ಮೋಟರ್‌ವೇಯಲ್ಲಿ ಲಾರಿಗಳು, ಮಳೆ, ವೈಪರ್ ಸದ್ದು. ಅರ್ಧ ಗಂಟೆಯಲ್ಲಿ ಮತ್ತೆ ಅದೇ ನಡುಕ, ಅದೇ ಜೊಲ್ಲು. ತಿರುಗಿ ಬಂದೆವು. ಹತ್ತು ಅಡಿಯಿಂದ ಮತ್ತೆ ಶುರು.

ಆ ದಿನ ಇನ್ನೊಂದು ಗೊತ್ತಾಯಿತು. ಇವು ಕಣ್ಣಿನಿಂದ ಬೇಟೆಯಾಡುವ ಜಾತಿ. ಓಡುವುದು ಏನೇ ಕಂಡರೂ ಕಣ್ಣು ಹಿಡಿಯುತ್ತದೆ. ಕಿಟಕಿಯಲ್ಲಿ ನಿಮಿಷಕ್ಕೆ ನೂರು ಗಾಡಿ ಓಡಿದರೆ ತಲೆ ಏನಾಗಬೇಕು? ಪಕ್ಕದ ಗಾಜುಗಳಿಗೆ ಬಿಸಿಲುಪರದೆ ಹಾಕಿದ ಮೇಲೆ ಅವಳು ಮೊದಲ ಸಲ ತಾನಾಗಿ ಮಲಗಿದಳು. ಬಾಗಲಕೋಟೆ ಕಡೆಯವರು ಇಲ್ಲಿ ಇಬ್ಬರು ಕಾಣುತ್ತಿದ್ದಾರೆ. ನಿಮ್ಮ ಮುಧೋಳ ನಾಯಿಯೂ ಇದೇ ಬಳಗ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಗತ್ತಿನ ನಾಯಿ. ಹೊಲದಲ್ಲಿ ಬೆಳೆದ ಮುಧೋಳವನ್ನು ತಂದು ಬೆಂಗಳೂರಿನ ಫ್ಲ್ಯಾಟಿನಲ್ಲಿಟ್ಟು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಾರಲ್ಲಿ ಕರೆದುಕೊಂಡು ಹೋಗುವವರಿಗೆ ಈ ಪರದೆ ವಿಷಯ ದಯವಿಟ್ಟು ಹೇಳಿ.

ನಾಯಿ ಕಲಿತಷ್ಟೇ ನಾವೂ ಕಲಿಯಬೇಕಾಯಿತು, ಕಾರು ಓಡಿಸುವುದನ್ನು. ಇವತ್ತಿನ ಊಟಕ್ಕೆ ಸಾರಿನ ಪಾತ್ರೆ ಕಾರಿನಲ್ಲಿಟ್ಟುಕೊಂಡು ಬಂದವರು ಕೈ ಎತ್ತಿ. ತಿರುವಿನಲ್ಲಿ ಹೇಗೆ ಓಡಿಸಿದಿರಿ? ಬ್ರೇಕು ಹೇಗೆ ಒತ್ತಿದಿರಿ? ಅಷ್ಟೇ. ಹಿಂದೆ ಸಾರಿದೆ ಅಂದುಕೊಂಡು ಓಡಿಸಿ.

ಎಂಟನೇ ತಿಂಗಳಿಗೆ ಒಂಬತ್ತೂ ರೌಂಡಬೌಟು ದಾಟಿದೆವು. ಈಗಲೂ ಪ್ರತಿ ಎಡ ತಿರುವಿಗೆ ಮುಂಚೆ ಅವಳು ರಜಾಯಿ ಸುರುಳಿಗೆ ಬೆನ್ನು ಒತ್ತಿಕೊಳ್ಳುತ್ತಾಳೆ. ಇಂಡಿಕೇಟರಿನ ಟಿಕ್ ಟಿಕ್ ಸದ್ದನ್ನು ಹಿಡಿದುಬಿಟ್ಟಿದ್ದಾಳೆ ಅಂತ ನನ್ನ ಅನುಮಾನ. ನಾನು ಇಂಡಿಕೇಟರ್ ಹಾಕುವುದು ಮರೆತ ದಿನ ಮಾತ್ರ ತಲೆ ಎತ್ತಿ ನನ್ನನ್ನು ನೋಡುತ್ತಾಳೆ.

2025ರ ಫೆಬ್ರವರಿಯಲ್ಲಿ ವೇಲ್ಸ್ ಸರಕಾರ ನಾಯಿ ರೇಸನ್ನು ನಿಷೇಧಿಸುವುದಾಗಿ ಹೇಳಿತು. ಇನ್ನಷ್ಟು ಗ್ರೇಹೌಂಡುಗಳು ಮನೆ ಹುಡುಕಿಕೊಂಡು ಬರಬಹುದು, ನಿಮ್ಮಲ್ಲಿ ಯಾರಾದರೂ ತರಬಹುದು. ತರುವ ದಿನವೇ ಯೋಗದ ಚಾಪೆ ತೆಗೆದುಕೊಂಡು ಹೋಗಿ.

ಸಾಸಿವೆ ಎಲ್ಲಿ ಅಂತ ಆಗಲೇ ಇಬ್ಬರು ಕೇಳಿದರು. ಕಾರಿನಲ್ಲಿ ಇಲ್ಲ. ಹೊರಗೆ 22 ಡಿಗ್ರಿ ಇದ್ದರೂ ಮುಚ್ಚಿದ ಕಾರು ಒಂದು ಗಂಟೆಯಲ್ಲಿ 47ಕ್ಕೆ ಹೋಗಬಹುದು. ಪಕ್ಕದ ಕೋಣೆಯಲ್ಲಿ ಯಜಮಾನರ ಜೊತೆ, ನಾಲ್ಕು ಕಾಲೂ ಮೇಲೆ ಮಾಡಿಕೊಂಡು ಮಲಗಿದ್ದಾಳೆ. ಹೋಗಿ ನೋಡಿ, ಆದರೆ ಮೇಲಿನಿಂದ ತಲೆ ಸವರಬೇಡಿ. ಈರುಳ್ಳಿ ಬಜ್ಜಿ, ದ್ರಾಕ್ಷಿ ಹಾಕಿದ ಪಾಯಸ ಕೊಡಬೇಡಿ, ಎರಡೂ ನಾಯಿಗೆ ವಿಷ. ಊಟ ಆದ ಮೇಲೆ ನಾವು ಐದು ನಿಮಿಷ ಮುಂಚೆ ಹೊರಡುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಪಾರ್ಕಿಂಗಿನಲ್ಲಿ ನಲವತ್ತು ಕಾರಿನ ಬಾಗಿಲು ಒಟ್ಟಿಗೆ ಧಡಾರ್ ಅನ್ನುತ್ತವಲ್ಲ, ಆ ಪಾಠ ನಮ್ಮದು ಇನ್ನೂ ಆಗಿಲ್ಲ.