ಶಾಂಘೈ ಕ್ಯಾಲೆಂಡರಿನ ಚೆಲುವೆ ಸಿಗರೇಟು ಮಾರಿದ್ದು ಹೇಗೆ?

[ತೆರೆಯ ಮೇಲೆ: 1930ರ ದಶಕದ ಶಾಂಘೈ ಪೋಸ್ಟರ್. ಕ್ಯಾಮೆರಾ ಮುಖದಿಂದ ನಿಧಾನವಾಗಿ ಕೆಳಗಿಳಿಯುತ್ತದೆ]

ನಮಸ್ಕಾರ. ಈ ಚಿತ್ರ ನೋಡಿ. ಮೈಗಂಟಿದ ಚಿಪಾವ್ ಉಡುಪು, ಗುಂಗುರು ಮಾಡಿಸಿದ ಕೂದಲು, ಗುಲಾಬಿ ಕೆನ್ನೆ. ಇದು ಸಿಗರೇಟಿನ ಜಾಹೀರಾತು. ಆದರೆ ಸಿಗರೇಟು ಎಲ್ಲಿ? ಅಗೋ, ಕೆಳಗಿನ ಅಂಚಿನಲ್ಲಿ ಒಂದು ಪುಟ್ಟ ಪ್ಯಾಕೆಟ್. ಕಣ್ಣು ಅಲ್ಲಿಗೆ ಹೋಗುವುದೇ ಕೊನೆಗೆ, ಅಲ್ವಾ?

ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪನಿ ಹುಟ್ಟಿದ್ದು 1902ರಲ್ಲಿ. ಚೀನಾದಲ್ಲಿ ಅದು ಹೊಸ ವರ್ಷಕ್ಕೆ ಇಂಥ ಕ್ಯಾಲೆಂಡರ್‌ಗಳನ್ನು ಪುಕ್ಕಟೆ ಹಂಚುತ್ತಿತ್ತು. ನಮ್ಮ ಕಿರಾಣಿ ಅಂಗಡಿಯವರು ಲಕ್ಷ್ಮಿಯ ಕ್ಯಾಲೆಂಡರ್ ಕೊಡುತ್ತಾರಲ್ಲ, ಹಾಗೇ. ಮೇಲೆ, ಕೆಳಗೆ ತಗಡಿನ ಪಟ್ಟಿ. ಒಂದು ಮೊಳೆ ಹೊಡೆದರೆ ಸಾಕು, ಜಾಹೀರಾತು ವರ್ಷವಿಡೀ ಮನೆಯ ಗೋಡೆ ಮೇಲೆ.

ವಿದೇಶಿ ಕಂಪನಿಗಳು ಮೊದಮೊದಲು ಯುರೋಪಿನ ಚಿತ್ರಗಳನ್ನೇ ಹಂಚಿದ್ದವು. ಜನರಿಗೆ ಹಿಡಿಸಲಿಲ್ಲ. ಆಗ ಚೀನಾದ ಕಲಾವಿದರನ್ನೇ ಹುಡುಕಿಕೊಂಡು ಹೋದರು.

[ತೆರೆಯ ಮೇಲೆ: ಕೆನ್ನೆಯ ಭಾಗ, ತೀರಾ ಹತ್ತಿರದಿಂದ]

ಈ ಕೆನ್ನೆಯನ್ನು ಸರಿಯಾಗಿ ನೋಡಿ. ಒಂದು ಗೆರೆಯೂ ಕಾಣುವುದಿಲ್ಲ. ಈ ಕೈಚಳಕಕ್ಕೆ ಹೆಸರಾದವರು ಜೆಂಗ್ ಮಾಂಟುವೊ. ಹಾಂಗ್‌ಝೌನ ಫೋಟೊ ಸ್ಟುಡಿಯೋದಲ್ಲಿ ಭಾವಚಿತ್ರ ಬರೆಯುತ್ತಿದ್ದವರು, 1914ರಲ್ಲಿ ಶಾಂಘೈಗೆ ಬಂದರು. ಮೊದಲು ಇದ್ದಿಲಿನ ಪುಡಿಯನ್ನು ಕಾಗದದ ಮೇಲೆ ತಿಕ್ಕಿ ತಿಕ್ಕಿ ಮುಖದ ಉಬ್ಬು ತಗ್ಗು ತರುತ್ತಿದ್ದರು. ಅದರ ಮೇಲೆ ತೆಳ್ಳಗೆ ಜಲವರ್ಣ. ಫೋಟೊದಷ್ಟು ನಿಜ ಅನ್ನಿಸಬೇಕು, ಆದರೆ ಒಂದು ಮಚ್ಚೆಯೂ ಇರಬಾರದು. ನನಗೆ ಈ ಕೆಲಸದ ಮೇಲೆ ನಿಜವಾದ ಗೌರವವಿದೆ.

ಅವರು ಬರೆದ ಹುಡುಗಿಯರಲ್ಲಿ ಕೈಯಲ್ಲಿ ಪುಸ್ತಕ ಹಿಡಿದ ವಿದ್ಯಾರ್ಥಿನಿಯರೂ ಇದ್ದರು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಹೊಸದಾಗಿದ್ದ ಕಾಲ ಅದು. ಆ ಹೊಸತನವನ್ನೇ ಕಂಪನಿಗಳು ತಂಬಾಕಿಗೆ ಅಂಟಿಸಿದವು. ಆಮೇಲೆ ಹಾಂಗ್ ಝಿಯಿಂಗ್ ಎಂಬ ಇನ್ನೊಬ್ಬ ಕಲಾವಿದರ ಸ್ಟುಡಿಯೋ ಬಂತು. ಅಲ್ಲಿ ಒಂದೇ ಚಿತ್ರಕ್ಕೆ ಹಲವರ ಕೈ: ಹುಡುಗಿಯನ್ನು ಒಬ್ಬರು, ಹಿನ್ನೆಲೆಯನ್ನು ಇನ್ನೊಬ್ಬರು ಬರೆಯುತ್ತಿದ್ದರು. ಹಾಗಾಗಿ ಪೋಸ್ಟರ್ ಬದಲಾದರೂ ಮುಖ ಹೆಚ್ಚುಕಡಿಮೆ ಅದೇ. ಈಗ ಅವಳು ಸೈಕಲ್ ತುಳಿಯುತ್ತಾಳೆ, ಟೆನಿಸ್ ಆಡುತ್ತಾಳೆ. ಎಲ್ಲೂ ಬೆವರುವುದಿಲ್ಲ, ಕೆಮ್ಮುವುದಂತೂ ಇಲ್ಲವೇ ಇಲ್ಲ.

[ತೆರೆಯ ಮೇಲೆ: ಶಾಂಘೈ ನಕ್ಷೆ, ನದಿಯಾಚೆಯ ಪುಡಾಂಗ್]

ಅದೇ ಊರಿನಲ್ಲಿ, ಹುವಾಂಗ್‌ಪು ನದಿಯ ಆಚೆ ದಡದ ಪುಡಾಂಗ್‌ನಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪನಿಯ ಕಾರ್ಖಾನೆ ಇತ್ತು. ಅಲ್ಲಿ ಎಲೆ ಬಿಡಿಸುವ, ಪ್ಯಾಕೆಟ್ ತುಂಬುವ ಕೆಲಸಕ್ಕೂ ಹೆಂಗಸರೇ ಬೇಕಿತ್ತು. ದಿನವಿಡೀ ತಂಬಾಕಿನ ಧೂಳು, ಕಡಿಮೆ ಕೂಲಿ. ಅವರ ಮುಖವನ್ನು ಮಾತ್ರ ಯಾವ ಕ್ಯಾಲೆಂಡರಿಗೂ ಹಾಕಲಿಲ್ಲ. 1925ರಲ್ಲಿ ಶಾಂಘೈನ ವಿದೇಶಿ ಆಡಳಿತದ ಭಾಗದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಪೊಲೀಸರು ಪ್ರತಿಭಟನಾಕಾರರ ಮೇಲೆ ಗುಂಡು ಹಾರಿಸಿದಾಗ ಊರೆಲ್ಲ ಮುಷ್ಕರ ಹೂಡಿತು. ಈ ಕಾರ್ಖಾನೆಯ ಕೆಲಸಗಾರರೂ ಹೊರಗೆ ಬಂದರು.

ಬ್ರಿಟಿಷ್ ಸಿಗರೇಟಿಗೆ ಬಹಿಷ್ಕಾರ ಬಿತ್ತು. ಲಾಭವಾಗಿದ್ದು ನಾನ್ಯಾಂಗ್ ಬ್ರದರ್ಸ್ ಎಂಬ ಚೀನೀ ಕಂಪನಿಗೆ. ಚೀನಾದವರು ಚೀನಾದ ಸಿಗರೇಟನ್ನೇ ಸೇದಬೇಕು ಅನ್ನುವುದು ಅವರ ಪ್ರಚಾರ. ದೇಶಪ್ರೇಮದ ಮಾತೇನೋ ಜೋರಾಗಿತ್ತು. ಆದರೆ ಅವರ ಕ್ಯಾಲೆಂಡರ್ ಬಿಡಿಸಿ ನೋಡಿದರೆ ಅಲ್ಲೂ ಇಂಥದೇ ಗುಲಾಬಿ ಕೆನ್ನೆಯ ಹುಡುಗಿ.